ಸದಣ್ಣನ ಹಂದಿಯೂ ಕೆನಡಾದ ಕಾನೂನೂ

ಕಾನ್ವೆಂಟಿನಲ್ಲಿ ಓದಿದ ಹೆಂಗಸರಿಗೆ ಒಂದು ಅಭ್ಯಾಸ ಜನ್ಮಕ್ಕೆ ಅಂಟಿಕೊಂಡುಬಿಡುತ್ತದೆ. ತಪ್ಪು ಮಾಡಿದರೆ ಅದನ್ನು ಯಾರಿಗಾದರೂ ಒಪ್ಪಿಸುವವರೆಗೆ ಊಟ ಸೇರುವುದಿಲ್ಲ. ನಮ್ಮ ಬೋರ್ಡಿಂಗ್ ಶಾಲೆಯಲ್ಲಿ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಸಂಜೆ ಚಾಪೆಲ್ಲಿಗೆ ಹೋಗಿ, ಪಾಪ ನಿವೇದನೆ ಮಾಡಿ, ಎಣ್ಣೆಸ್ನಾನ ಮುಗಿಸಿದವರಂತೆ ಹಗುರಾಗಿ ಹೊರಗೆ ಬರುತ್ತಿದ್ದರು. ಅದನ್ನು ನೋಡಿ ಹೊಟ್ಟೆಕಿಚ್ಚಾಗಿ ಒಮ್ಮೆ ನಾನೂ ಸಾಲಿನಲ್ಲಿ ನಿಂತೆ. ಸರದಿ ಬಂದಾಗ, "ಫಾದರ್, ನಾನು ಹಿಂದೂ. ಆದರೆ ನನ್ನ ಹತ್ತಿರವೂ ಸ್ವಲ್ಪ ಪಾಪ ಉಂಟು" ಎಂದೆ. ಜಾಲರಿಯ ಆಚೆ ಫಾದರ್ ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. "ರಜೆಯಲ್ಲಿ ಮನೆಗೆ ಹೋದಾಗ ನಿನ್ನ ತಾಯಿಗೆ ಹೇಳು, ಮಗಳೇ" ಎಂದು ಕಳಿಸಿಬಿಟ್ಟರು. ತಾಯಿಗೆ ಹೇಳುವಂಥದ್ದಾಗಿದ್ದರೆ ನಾನು ಸಾಲಿನಲ್ಲಿ ಯಾಕೆ ನಿಲ್ಲುತ್ತಿದ್ದೆ? ಹಾಗಾಗಿ ನನ್ನ ಪಾಪಗಳೆಲ್ಲ ಅಂದಿನಿಂದ ಪೆಂಡಿಂಗ್ ಉಳಿದಿವೆ. ಈಗ ಎಪ್ಪತ್ತೈದು ದಾಟಿದೆ. ಓದುಗರಾದರೂ ಕೇಳಿಸಿಕೊಳ್ಳಲಿ. ನಾನು ಹದಿನೈದನೆಯ ವಯಸ್ಸಿನಲ್ಲಿ ಒಂದು ಕಾಡುಹಂದಿಗೆ ಗುಂಡು ಹೊಡೆದೆ. ಪಾಪ ಅದಲ್ಲ. ಆ ಹಂದಿಯ ಕೀರ್ತಿ ನನ್ನ ಅಣ್ಣನಿಗೆ ಹೋಯಿತೆಂದು ಅರವತ್ತು ವರ್ಷ ಅವನ ಮೇಲೆ ಒಳಗೊಳಗೇ ಹಲ್ಲು ಮಸೆದೆನಲ್ಲ, ಅದು.

ನನ್ನನ್ನು ಈಗ ನೋಡಿದವರು ಯಾರೂ ಇದನ್ನು ನಂಬುವುದಿಲ್ಲ. ಬಹರೇನಿಗೆ ಬಂದು ನಲವತ್ತು ವರ್ಷವಾಯಿತು. ಮೊದಲು ಯಜಮಾನರ ಜೊತೆ ಗುದೈಬಿಯಾದ ಹಳೆಯ ಫ್ಲಾಟಿನಲ್ಲಿದ್ದು, ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಆಫೀಸಿನಲ್ಲಿ ಟೈಪ್ ಮಾಡಿದೆ. ಅವರು ಹೋದ ಮೇಲೆ ಮಗಳು ವೀಣಾ ಮತ್ತು ಅಳಿಯನ ಜೊತೆ ಹಮದ್ ಟೌನಿನಲ್ಲಿದ್ದೇನೆ. ವಿಳಾಸ ಕೇಳಿದರೆ ರೌಂಡಬೌಟಿನ ನಂಬರು ಹೇಳಿ ಬದುಕುವ ಜನ ನಾವು. ಶುಕ್ರವಾರದ ಭಜನೆಯಲ್ಲಿ ನಾನೇ ಲೀಡ್. ಮಕ್ಕಳಿಗೆ ಶ್ಲೋಕ ಹೇಳಿಕೊಡುತ್ತೇನೆ, ಮಧ್ಯೆ ಮಧ್ಯೆ "ಸಿಟ್ ಸ್ಟ್ರೇಟ್" ಎನ್ನುತ್ತೇನೆ. ಇಂಥ ಬಿಳಿ ಕೂದಲಿನ, ಇಸ್ತ್ರಿ ಸೀರೆಯ ಅಜ್ಜಿಯ ಕೈಯಲ್ಲಿ ಕೋವಿಯನ್ನು ಯಾರು ತಾನೇ ಊಹಿಸಿಕೊಂಡಾರು? ನಾನೇ ಕೆಲವೊಮ್ಮೆ ಊಹಿಸಿಕೊಳ್ಳಲಾರೆ. ಆಗ ಬಲ ಭುಜ ಮುಟ್ಟಿ ನೋಡಿಕೊಳ್ಳುತ್ತೇನೆ.

ಹೀಗೆ ಮರೆತುಹೋಗುತ್ತಿದ್ದ ಬೇಟೆಗಾರ್ತಿಯನ್ನು ಎಬ್ಬಿಸಿದವನು ಡಗ್. ಅಳಿಯನ ಆಫೀಸಿನ ಎಂಜಿನಿಯರ್, ಕೆನಡಾದವನು, ಬಾಗಿಲಿಗಿಂತ ಅರ್ಧ ಗೇಣು ಎತ್ತರ. ವರ್ಷಕ್ಕೊಮ್ಮೆ ರಜೆ ಹಾಕಿ ತನ್ನೂರಿನ ಕಾಡಿಗೆ ಮೂಸ್ ಎಂಬ ಪ್ರಾಣಿಯ ಬೇಟೆಗೆ ಹೋಗುತ್ತಾನೆ. ಮೂಸ್ ಎಂದರೆ ನಮ್ಮ ಕಡವೆಯ ದೊಡ್ಡಪ್ಪ ಎನ್ನಿ. ಕುದುರೆಗಿಂತ ಎತ್ತರ, ತಲೆಯ ಮೇಲೆ ಎರಡು ಮೊರ ಕಟ್ಟಿಕೊಂಡಂಥ ಕೊಂಬು, ಮುಖ ಮಾತ್ರ ಪರೀಕ್ಷೆಯಲ್ಲಿ ನಪಾಸಾದ ಹುಡುಗನದ್ದು. ಒಂದು ದಿನ ಚಹಾಕ್ಕೆ ಬಂದವನು, ಬೇಟೆಯ ನಿಯಮಗಳ ಒಂದು ಪುಸ್ತಕವನ್ನು ನಮ್ಮ ಸೋಫಾದ ಮೇಲೆ ಮರೆತುಹೋದ. ವೀಣಾ ಅದನ್ನು ತೆಗೆದಿಡುವ ಮೊದಲೇ ನಾನು ಕನ್ನಡಕ ಹಾಕಿಕೊಂಡು ಕೂತೆ. "ಅಮ್ಮಾ, ಅದನ್ನು ಎಂತಕ್ಕೆ ಓದುದು? ನಿಮಗೆ ಮೂಸ್ ಸಿಕ್ಲಿಕ್ಕುಂಟಾ ಇಲ್ಲಿ?" ಎಂದು ಕೇಳಿದಳು. ಈ ದ್ವೀಪದಲ್ಲಿ ನನ್ನಂಥವರ ಕೈಗೆ ಸಿಗುವ ಅತಿ ದೊಡ್ಡ ಬೇಟೆ ಎಂದರೆ ಮೀನು ಮಾರ್ಕೆಟ್ಟಿನ ಹಾಮೂರು. ಕಾಡುಪ್ರಾಣಿ, ಹಕ್ಕಿಗಳನ್ನು ಮುಟ್ಟುವಂತಿಲ್ಲ, ಸೀಗಡಿಗೂ ಕೂಡ ವರ್ಷದಲ್ಲಿ ಇಷ್ಟು ತಿಂಗಳು ಅಭಯ ಉಂಟು. ಆದರೂ ಓದಿದೆ. ಎರಡು ದಿನದಲ್ಲಿ ಮುಗಿಸಿದೆ. ಅಷ್ಟು ಚಂದದ ಪುಸ್ತಕ ಓದದೆ ಬಹಳ ಕಾಲವಾಗಿತ್ತು.

ಎಂಥ ಡಿಸಿಪ್ಲಿನ್ ಮಾರಾಯರೇ! ನಮ್ಮ ಮದರ್ ಸುಪೀರಿಯರ್ ನಿವೃತ್ತರಾಗಿ ಕೆನಡಾದ ಅರಣ್ಯ ಇಲಾಖೆ ಸೇರಿರಬೇಕು ಎನ್ನಿಸಿತು. ಬೇಟೆಗೆ ಮೊದಲು ಕ್ಲಾಸಿಗೆ ಹೋಗಿ ಪರೀಕ್ಷೆ ಪಾಸಾಗಬೇಕು. ಮತ್ತೆ ಅರ್ಜಿ ಹಾಕಿ ಚೀಟಿ ಎತ್ತುವುದಕ್ಕೆ ಕಾಯಬೇಕು. ಹೆಸರು ಬಂದರೆ ಟ್ಯಾಗ್ ಎಂಬ ಒಂದು ಪರವಾನಗಿ ಪಟ್ಟಿ ಕೊಡುತ್ತಾರೆ, ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ, ಕರುವಿಗೆ ಬೇರೆ. ಕಿತ್ತಳೆ ಬಣ್ಣದ ಕೋಟು, ಟೊಪ್ಪಿ ಕಡ್ಡಾಯ. ನಮ್ಮಲ್ಲಿ ಬೇಟೆಗಾರ ಎಲೆಯೊಳಗೆ ಎಲೆಯಾಗಿ ಅಡಗಿದರೆ, ಅಲ್ಲಿ ಮಠದ ಸ್ವಾಮಿಗಳಂತೆ ದೂರದಿಂದಲೇ ಕಾಣಬೇಕು. ಕತ್ತಲಾದ ಮೇಲೆ ಹೊಡೆಯುವಂತಿಲ್ಲ, ಗಾಡಿಯಲ್ಲಿ ಕೂತು ಹೊಡೆಯುವಂತಿಲ್ಲ, ಮಾಂಸ ಹಾಳು ಮಾಡುವಂತಿಲ್ಲ. ಪ್ರಾಣಿ ಗಂಡೋ ಹೆಣ್ಣೋ ಎಂದು ಅಧಿಕಾರಿಗಳಿಗೆ ತೋರಿಸಲು ಯಾವ ಅಂಗವನ್ನು ಹಾಗೆಯೇ ಬಿಟ್ಟಿರಬೇಕೆಂದು ಒಂದು ಕಡೆ ಬರೆದಿದ್ದರು. ಆ ಪುಟವನ್ನು ನಾನು ಬೇಗ ತಿರುಗಿಸಿದೆ. ಶಾಲೆ ಬಿಟ್ಟು ಅರವತ್ತು ವರ್ಷವಾದರೂ ಸಿಸ್ಟರ್ ಯಾರೋ ಬೆನ್ನ ಹಿಂದೆ ನಿಂತ ಹಾಗಾಯಿತು. ಆದರೆ ನನ್ನ ಕಣ್ಣು ಮತ್ತೆ ಮತ್ತೆ ನಿಂತದ್ದು ಒಂದೇ ನಿಯಮದ ಮೇಲೆ. ಪ್ರಾಣಿ ಬಿದ್ದ ಕೂಡಲೇ, ಅಲ್ಲಿಯೇ, ಟ್ಯಾಗನ್ನು ಅದಕ್ಕೆ ಕಟ್ಟಬೇಕು. ಯಾರ ಲೈಸೆನ್ಸು, ಯಾರ ಟ್ಯಾಗು, ಎಲ್ಲ ಬರವಣಿಗೆಯಲ್ಲಿ. ಆಹಾ, ಈ ಕಾನೂನು ನಮ್ಮೂರಿನಲ್ಲಿ ಆಗ ಇದ್ದಿದ್ದರೆ!

ನಮ್ಮದು ಕಾರ್ಕಳದ ಕಡೆಯ ಮನೆ. ತಾಯಿಯ ಅಣ್ಣನೇ ಮನೆಗೆ ಯಜಮಾನ. ಆ ದೊಡ್ಡ ಮಾವನ ಹೆಸರಿನಲ್ಲಿ, ಬೆಳೆ ಕಾಯಲೆಂದು ಸರಕಾರ ಲೈಸೆನ್ಸ್ ಕೊಟ್ಟ ಒಂದು ಕೇಪಿನ ಕೋವಿ ಇತ್ತು. ಬೇಟೆಯ ಕಾನೂನೂ ಮಾವನದ್ದೇ. ಅದು ಗಂಡಸರಿಗೆ ಮಾತ್ರ ತಿಳಿದ ಕಾನೂನು. ಪಾಲು ಬಂದು ಒಲೆಯ ಮೇಲೆ ಕೂರುವವರೆಗೆ ಹೆಂಗಸರಿಗೆ ಬೇಟೆಯ ಸಂಬಂಧವಿಲ್ಲ. ಆ ಕ್ರಿಸ್‌ಮಸ್ ರಜೆಯಲ್ಲಿ ಹಂದಿಗಳು ನಮ್ಮ ಗೆಣಸಿನ ಗದ್ದೆಗೆ ನುಗ್ಗುತ್ತಿದ್ದವು. ಮಾವ ಕೋವಿಗೆ ಈಡು ತುಂಬಿ, ಮೂರು ವರ್ಷ ದೊಡ್ಡವನಾದ ನನ್ನ ಅಣ್ಣ ಸದಾನಂದನನ್ನು ಕಾಯಲು ಕೂರಿಸಿದರು. ಬೆಳಿಗ್ಗೆ ಮಂಜು ಹರಿಯುವ ಮೊದಲು ನಾನು ಅವನಿಗೆ ಕಾಫಿ ಕೊಂಡುಹೋದೆ. ನೋಡಿದರೆ ಸದಣ್ಣ ಹೊಟ್ಟೆ ಹಿಡಿದುಕೊಂಡು ಮುದುಡಿದ್ದ. ಕಾಯಲು ಕೂತವನು ಬೇಸರಕ್ಕೆ ಹಸಿ ಗೆಣಸನ್ನು ಹಂದಿಗಿಂತ ಹೆಚ್ಚು ತಿಂದಿದ್ದ. "ವಾರಿಜಾ, ಇದನ್ನು ಹಿಡ್ಕೋ. ಮುಟ್ಬೇಡ!" ಎಂದು ಕೋವಿಯನ್ನು ನನ್ನ ಕೈಗಿಟ್ಟು ಗದ್ದೆಯಾಚೆಯ ತೋಡಿನ ನೀರಿನ ಕಡೆಗೆ ಓಡಿದ. ಮುಟ್ಟದೆ ಹಿಡಿದುಕೊಳ್ಳುವುದು ಹೇಗೆಂದು ನಾನು ಇನ್ನೂ ಯೋಚಿಸುತ್ತಿರುವಾಗಲೇ ಎದುರಿನ ಗದ್ದೆಯ ಬದುವಿನ ಮೇಲೆ ಕಪ್ಪಗೆ ಒಂದು ಬಂಡೆ ಕಂಡಿತು. ಬಂಡೆ ಮೂಗು ಎತ್ತಿ ಗಾಳಿ ಮೂಸಿತು. ಗಾಳಿ ನನ್ನ ಕಡೆಗೆ ಬೀಸುತ್ತಿತ್ತು, ಅದಕ್ಕೆ ನನ್ನ ವಾಸನೆ ಸಿಗಲಿಲ್ಲ. ಆಮೇಲೆ ನಾನು ಮಾಡಿದ್ದೆಲ್ಲ ನನ್ನ ಕೈ ಮಾಡಿತೇ ಹೊರತು ನಾನಲ್ಲ. ಢಂ! ನಾನು ಹಿಂದಕ್ಕೆ ಬಿದ್ದೆ, ಕಾಫಿ ಚೆಲ್ಲಿತು. ಹೊಗೆಯೊಳಗೆ ಹಂದಿ ಬಿದ್ದಿತ್ತು. ಅಕ್ಕಪಕ್ಕದ ಹುಲ್ಲಿನಲ್ಲಿ ಹೆಗ್ಗಣಗಳೋ ಏನೋ ಸರಸರ ಓಡಿದವು.

ಸದಣ್ಣ ಪಂಚೆ ಸುತ್ತಿಕೊಳ್ಳುತ್ತ ಓಡಿಬಂದ. ನನ್ನನ್ನು ನೋಡಿದ, ಹಂದಿಯನ್ನು ನೋಡಿದ, ಕೋವಿಯನ್ನು ಕಿತ್ತುಕೊಂಡ. "ಮನೆಗೆ ಓಡು. ನೀನು ಇಲ್ಲಿಗೆ ಬರ್ಲೇ ಇಲ್ಲ" ಎಂದ. ಹಿಂಬಾಗಿಲಿನಿಂದ ಒಳಗೆ ಬಂದ ನನ್ನ ನೀಲಿಗಟ್ಟಿದ ಭುಜ ನೋಡಿಯೇ ಅಮ್ಮನಿಗೆ ಎಲ್ಲ ತಿಳಿಯಿತು. ಎಣ್ಣೆ ಬಿಸಿ ಮಾಡಿ ತಿಕ್ಕುತ್ತ, "ನಾಳೆ ನಿನ್ನನ್ನು ನೋಡ್ಲಿಕ್ಕೆ ಬರುವವರಿಗೆ ಹಾಡು ಬರ್ತದೆ, ಇಂಗ್ಲಿಷು ಬರ್ತದೆ ಅಂತ ಹೇಳ್ಬಹುದು. ಹಂದಿ ಹೊಡಿತಾಳೆ ಅಂತ ಹೇಳ್ಲಿಕ್ಕಾಗ್ತದಾ? ಬಾಯಿ ಮುಚ್ಚು" ಎಂದಳು. ದನದ ಹಟ್ಟಿಯ ಹಿಂದೆ ಮಾವ ಸದಣ್ಣನ ಬೆನ್ನು ತಟ್ಟುತ್ತಿದ್ದ ಶಬ್ದ ಒಳಕೋಣೆಗೆ ಕೇಳುತ್ತಿತ್ತು. ಧಬ್, ಧಬ್, ಧಬ್. ಎಷ್ಟು ಹೊತ್ತು ತಟ್ಟಿದರು ಅಂತೀರಿ! ಸಂಜೆ ಎಂಟು ಮನೆಗೆ ಪಾಲು ಹೋಯಿತು. ಹೊಡೆದವನ ಪಾಲು ಎಂದು ಲಿವರನ್ನು ಕಾಳುಮೆಣಸು ಹಾಕಿ ಹುರಿದು ಸದಣ್ಣನ ಬಟ್ಟಲಿಗೆ ಬಡಿಸಿದರು. ಅವನು ಅದನ್ನು ಗೋಡೆಗೆ ಭುಜ ಆನಿಸಿ ನಿಂತುಕೊಂಡೇ ತಿಂದ. ಏನು ಗತ್ತು ಎಂದುಕೊಂಡೆ. ನನಗೆ ಒಂದು ತುಂಡೂ ಕೊಡಲಿಲ್ಲ.

ಅಂದಿನಿಂದ ಅದು ಸದಣ್ಣನ ಹಂದಿ. ಕಾನೂನು ಬಂದು ಬೇಟೆ ನಿಂತಿತು, ಕೋವಿ ಠಾಣೆಗೆ ಹೋಯಿತು, ಸದಣ್ಣ ಬ್ಯಾಂಕ್ ಸೇರಿ ಮ್ಯಾನೇಜರಾಗಿ ರಿಟೈರಾದ. ಹಂದಿ ಮಾತ್ರ ಬೆಳೆಯುತ್ತಲೇ ಹೋಯಿತು. ನನ್ನ ಮದುವೆಯ ಹೊತ್ತಿಗೆ ಅದಕ್ಕೆ ಕೋರೆಹಲ್ಲು ಬಂದಿತ್ತು. ಅವನಿಗೆ ಮೊಮ್ಮಕ್ಕಳಾಗುವಷ್ಟರಲ್ಲಿ ಅದು ಅವನ ಮೇಲೆ ಎರಡು ಸಲ ಹಾರಿತ್ತು. ಈ ಚಳಿಗಾಲದಲ್ಲಿ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದ ಮೇಲಂತೂ ಗುದೈಬಿಯಾದ ಕ್ಷೌರದಂಗಡಿಯಿಂದ ನಮ್ಮ ಸಂಘದ ಹಾಲ್‌ವರೆಗೆ ಆ ಕಥೆ ಕೇಳದವರಿಲ್ಲ. ಪಕ್ಕದ ಮನೆಯ ಬಹರೇನಿ ಯಜಮಾನರಿಗೂ ಹೇಳಿದ. ಅವರೆದುರು ಹಂದಿಯ ಮಾತು ಬೇಡವೆಂಬ ಸಭ್ಯತೆಯಿಂದ ಆವತ್ತಿನ ಮಟ್ಟಿಗೆ ಅದನ್ನು ಜಿಂಕೆ ಮಾಡಿದ. ಜಿಂಕೆಯೂ ಅವನ ಮೇಲೆ ಎರಡು ಸಲ ಹಾರಿತು.

ನಗುತ್ತಲೇ ಕೇಳುತ್ತಿದ್ದೆ, ಆದರೆ ಒಳಗೊಂದು ಅಳುಕಿತ್ತು. ಸದಣ್ಣನಿಗೆ ಈಗ ಎಪ್ಪತ್ತೆಂಟು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾನೆ. ಈ ಕಥೆಯನ್ನು ಸುಳ್ಳೆಂದು ಗೊತ್ತಿದ್ದು ಹೇಳುತ್ತಿದ್ದಾನೋ, ಅಥವಾ ನಿಜವಾಗಿ ತಾನೇ ಹೊಡೆದೆನೆಂದು ನಂಬಿಬಿಟ್ಟಿದ್ದಾನೋ? ಅಮ್ಮನಿಲ್ಲ. ಆ ಬೆಳಗನ್ನು ಬಲ್ಲವರು ಈ ಭೂಮಿಯ ಮೇಲೆ ನಾವಿಬ್ಬರೇ. ಅವನು ಮರೆತರೆ, ಹದಿನೈದು ವರ್ಷದ ಆ ವಾರಿಜ ಎಂಬ ಹುಡುಗಿ ಗದ್ದೆಗೆ ಬರಲೇ ಇಲ್ಲ ಎಂದಾಗುತ್ತದೆ. ನನಗೆ ಲಿವರ್ ಬೇಡ, ಕೀರ್ತಿಯೂ ಬೇಡ. ಅವನು ಊರಿಗೆ ಹೊರಡುವ ಮೊದಲು ಒಂದೇ ಒಂದು ಸಲ, ನಾಲ್ಕು ಜನರೆದುರು, "ಹೊಡೆದವಳು ಇವಳು" ಎನ್ನಬೇಕು. ನಾನಾಗಿ ಕೇಳುವುದೋ? ನೆವರ್. ಕಾನ್ವೆಂಟಿನವರು ಕೇಳಿ ತೆಗೆದುಕೊಳ್ಳುವುದಿಲ್ಲ, ಮುಖ ಊದಿಸಿಕೊಂಡು ಕಾಯುತ್ತೇವೆ.

ಅವನು ಹೊರಡುವ ಹಿಂದಿನ ವಾರ ಅಳಿಯ ನಮ್ಮನ್ನೆಲ್ಲ ಸಖೀರಿನ ಮರುಭೂಮಿಗೆ ಕ್ಯಾಂಪಿಗೆ ಕರೆದುಕೊಂಡುಹೋದರು. ಇಲ್ಲಿ ಚಳಿ ಬಿದ್ದ ಮೇಲೆ ಊರಿಗೆ ಊರೇ ಮರಳಿನಲ್ಲಿ ಟೆಂಟ್ ಹಾಕುತ್ತದೆ. ಅದಕ್ಕೂ ಸೀಸನ್ ಉಂಟು, ಹೆಸರು ನೋಂದಾಯಿಸಬೇಕು, ಎಣ್ಣೆಯ ಪೈಪುಗಳಿಂದ ದೂರವಿರಬೇಕು. ವಿಲ್ಡರ್‌ನೆಸ್ ಎಂದರೆ ವಿಲ್ಡರ್‌ನೆಸ್ಸೇ, ಆದರೆ ಟೆಂಟಿನೊಳಗೆ ಕಾರ್ಪೆಟ್ಟು, ದಿಂಬು, ಜನರೇಟರು, ಟೀವಿ. ಹಸಿವಾದರೆ ಲೊಕೇಶನ್ ಕಳಿಸಿದರಾಯಿತು, ಕರಕ್ ಚಹಾ, ಪರೋಟ ಬೈಕಿನ ಮೇಲೆ ಮರಳು ಹಾರಿಸಿಕೊಂಡು ಬರುತ್ತದೆ. ನಾಲ್ಕು ದಿನ ನಡೆದು, ಕೆಸರಿನಲ್ಲಿ ಮಲಗಿ, ನೂರಾರು ಕೆಜಿ ಮಾಂಸ ಬೆನ್ನ ಮೇಲೆ ಹೊತ್ತು ತರುವ ಡಗ್ ಕೂಡ ಅಲ್ಲಿ ದಿಂಬಿಗೆ ಒರಗಿ, "ಈ ಥರದ ಕಾಡು ನಮ್ಮಲ್ಲಿಲ್ಲ" ಎಂದು ಒಪ್ಪಿಕೊಂಡ. ಮಧ್ಯಾಹ್ನದ ಬಿಸಿಲು ಹಿತವಾಗಿತ್ತು. ಸದಣ್ಣ ತನ್ನ ಇಂಗ್ಲಿಷಿನಲ್ಲಿ ಹಂದಿಯನ್ನು ಬಿಚ್ಚಿದ. ಹಾರಿತು, ಮತ್ತೊಮ್ಮೆ ಹಾರಿತು, ಗುಂಡು ಹೊಡೆದ. ವೀಣಾ ಮೊಬೈಲಿನಿಂದ ತಲೆಯೆತ್ತದೆ ಸರಿಯಾದ ಜಾಗದಲ್ಲಿ "ಓ ಮೈ ಗಾಡ್, ಮಾವ" ಎಂದಳು.

ಡಗ್ ಮಾತ್ರ ಬೇಟೆಗಾರನ ಹಾಗೆ ಕೇಳಿದ. ಆಮೇಲೆ ತನ್ನದೊಂದು ಹೇಳಿದ. "ಹೋದ ವರ್ಷ ಟ್ಯಾಗ್ ನನ್ನ ಹೆಸರಿನಲ್ಲಿತ್ತು, ಹೊಡೆದವಳು ನನ್ನ ಹೆಂಡತಿ. ನಮ್ಮ ಕಡೆ ಅದು ಲೀಗಲ್. ಒಂದೇ ಗುಂಪಿನವರಾಗಿ, ಹತ್ತಿರದಲ್ಲಿದ್ದರೆ ಒಬ್ಬರ ಟ್ಯಾಗಿಗೆ ಇನ್ನೊಬ್ಬರು ಹೊಡೆಯಬಹುದು. ಆದರೆ ಗಂಡಿನ ಟ್ಯಾಗ್ ಇಟ್ಟುಕೊಂಡು ಹೆಣ್ಣಿಗೆ ಹೊಡೆದರೆ ಕಷ್ಟ." ಹೀಗೆಂದು ಸಹಜವಾಗಿ ಕೇಳಿದ, "ಸರ್, ನಿಮ್ಮ ಹಂದಿ ಗಂಡೋ, ಹೆಣ್ಣೋ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಸದಣ್ಣ ಚಹಾದ ಲೋಟ ಕೆಳಗಿಟ್ಟ. ನನ್ನ ಮುಖ ನೋಡಿದ. "ಹೆಣ್ಣು" ಎಂದ.

"ಹೆಣ್ಣಾ? ಮತ್ತೆ ಆ ಕೋರೆಹಲ್ಲು ಯಾರದ್ದು ಸದಣ್ಣಾ?" ನನಗೆ ಬಾಯಿ ತಡೆಯಲಾಗಲಿಲ್ಲ.

"ಸುಮ್ನಿರು ವಾರಿ. ಹೊಡೆದವಳಿಗೇ ಗೊತ್ತಿಲ್ಲ, ನನ್ನನ್ನು ಕೇಳ್ತಾಳೆ!" ಎಂದವನು ಎಲ್ಲರ ಕಡೆ ತಿರುಗಿದ. "ನಾನಲ್ಲ ಹೊಡೆದದ್ದು. ಇವಳು. ನಾನು ಆಗ ತೋಡಿನಲ್ಲಿ ಕೂತಿದ್ದೆ. ಶಬ್ದಕ್ಕೆ ಅರ್ಧದಲ್ಲೇ ಎದ್ದು ಬಂದದ್ದು."

ನೋಡಿ, ಅರವತ್ತು ವರ್ಷ ಕಾದ ಮಾತು. ಅವನು ಮರೆತಿಲ್ಲ! ಆದರೆ ಟೆಂಟಿನೊಳಗೆ ಆದದ್ದೇನು? ವೀಣಾ ಮೊಬೈಲ್ ಬದಿಗಿಟ್ಟು ಬಿದ್ದು ಬಿದ್ದು ನಕ್ಕಳು. "ಅಮ್ಮನಾ! ಮನೆಯಲ್ಲಿ ಜಿರಳೆ ಬಂದ್ರೆ ಸ್ಟೂಲ್ ಹತ್ತುವ ಅಮ್ಮನಾ! ಮಾವ, ಯು ಆರ್ ಸೋ ಸ್ವೀಟ್, ತಂಗಿಗೆ ಖುಷಿಯಾಗ್ಲಿ ಅಂತ ಎಂತ ಬೇಕಾದ್ರೂ ಹೇಳ್ತೀರಿ ನೀವು." ಎಂದೂ ನಿಜ ಹೇಳದವನು ಒಮ್ಮೆ ಹೇಳಿದರೆ ಅದರ ಗತಿ ಇಷ್ಟೇ. ನಾನು ಎದ್ದು ಕೂತು, ಗಾಳಿ ಯಾವ ಕಡೆಗಿತ್ತು, ಹಂದಿ ಎಲ್ಲಿ ನಿಂತಿತ್ತು, ಭುಜಕ್ಕೆ ಹೇಗೆ ಒದೆಯಿತು ಎಲ್ಲ ಹೇಳಿದೆ. ಡಗ್ ನಿಧಾನಕ್ಕೆ ತಲೆದೂಗಿದ. ಅವನು ನಂಬಿದ. ಹುರುಪಿನಲ್ಲಿ ನಾನು ಅಷ್ಟಕ್ಕೇ ನಿಲ್ಲದೆ ಲಿವರಿನ ವಿಷಯವನ್ನೂ ತೆಗೆದೆ. "ಹೊಡೆದವಳು ನಾನು, ಹೊಡೆದವನ ಪಾಲು ಇವನಿಗೆ! ನಿಂತುಕೊಂಡು ತಿಂದ, ಏನು ಗತ್ತು!"

"ಗತ್ತಾ?" ಸದಣ್ಣ ಹೌಹಾರಿದ. "ಕೂತ್ಕೊಳ್ಲಿಕ್ಕೆ ಆಗ್ತಿರ್ಲಿಲ್ಲ ಮಾರಾಯ್ತಿ! ಹಟ್ಟಿಯ ಹಿಂದೆ ಮಾವ ನೊಗದ ಹಗ್ಗ ತಗೊಂಡು ಬಡಿದದ್ದು ನಿಂಗೆ ಗೊತ್ತಿಲ್ವಾ? ಮರಿ ಇರುವ ತಾಯಿಗೆ ಹೊಡಿಬಾರ್ದು ಅಂತ ಅವರ ಕಾನೂನು. 'ಕಣ್ಣು ಎಲ್ಲಿಟ್ಟಿದ್ದಿ, ಕಣ್ಣು ಎಲ್ಲಿಟ್ಟಿದ್ದಿ' ಅಂತ ಹೊಡೆದರು. ನಾನು ಎಂತ ಹೇಳುದು? ಕಣ್ಣು ತೋಡಿನಲ್ಲಿತ್ತು ಅಂತ್ಲಾ? ಜನರೆದುರು ಮರ್ಯಾದೆಗೆ ಪಾಲು ಕೊಟ್ರು, ಅಷ್ಟೆ."

"ಮರಿಯಾ? ಅಲ್ಲಿದ್ದದ್ದು ಹೆಗ್ಗಣ" ಎಂದೆ. ನನ್ನ ಸ್ವರ ನನಗೇ ಸಣ್ಣದಾಗಿ ಕೇಳಿತು.

"ಬೆನ್ನ ಮೇಲೆ ಗೆರೆ ಗೆರೆ ಇದ್ದ ಹೆಗ್ಗಣವಾ? ಮೂರು ಮರಿ ವಾರಿ. ನಾನು ಬರುವಾಗ ಕಣ್ಣಾರೆ ನೋಡಿದ್ದೇನೆ."

ಬೆನ್ನು ತಟ್ಟಿದ ಶಬ್ದ ಎಂದುಕೊಂಡಿದ್ದೆನಲ್ಲ! ಅರವತ್ತು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟದ್ದು ಪೆಟ್ಟಿಗೆ. "ಮರಿಗಳು ಏನಾದವು?" ಎಂದು ಕೇಳಿದೆ. "ದೊಡ್ಡ ಆಗಿದ್ವು, ಬದುಕಿದ್ವು. ಮರುವರ್ಷ ನಮ್ಮ ಗೆಣಸಿಗೆ ಮೂರು ಹಂದಿ ಬಂತು, ನೀನು ಬೋರ್ಡಿಂಗಿನಲ್ಲಿದ್ದಿ" ಎಂದ. ನನ್ನ ಸಮಾಧಾನಕ್ಕೆ ಹೇಳಿದನೋ, ನಿಜವೋ, ಸದಣ್ಣನ ವಿಷಯದಲ್ಲಿ ಹೇಗೆ ಹೇಳುವುದು? "ಮತ್ತೆ ನಂಗೆ ಆಗ್ಲೇ ಎಂತಕ್ಕೆ ಹೇಳ್ಲಿಲ್ಲ?" ಎಂದರೆ, "ಹೇಳಿದ್ರೆ ನೀನು ಅಳ್ತಿದ್ದಿ. ಆಮೇಲೆ ಜನ ಕೇಳ್ತಾ ಕೇಳ್ತಾ ನಂಗೂ ಕಥೆ ಹೇಳ್ಲಿಕ್ಕೆ ಖುಷಿಯಾಯ್ತು. ಪೆಟ್ಟು ತಿಂದದ್ದಕ್ಕೆ ಅಷ್ಟಾದ್ರೂ ಬೇಡ್ವಾ?" ಎಂದು ನಕ್ಕ. ಅಳಿಯ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ್ದನ್ನೆಲ್ಲ ಕೇಳಿದ ಡಗ್ ಗಂಭೀರವಾಗಿ ಯೋಚಿಸಿ, "ಹಾಗಾದರೆ ಟ್ಯಾಗ್ ಯಾರದ್ದು?" ಎಂದ. "ಅವನದೇ" ಎಂದೆ ನಾನು. "ಛೆ ಛೆ, ಅವಳದ್ದು" ಎಂದ ಸದಣ್ಣ. ಅಷ್ಟು ವರ್ಷ ಇಬ್ಬರಿಗೂ ಬೇಕಾಗಿದ್ದ ಹಂದಿಯನ್ನು ಒಬ್ಬರ ಮೇಲೊಬ್ಬರು ದೂಡುತ್ತ ಬಿಸಿಲು ಇಳಿಯುವವರೆಗೆ ಕೂತೆವು. ಮನಸ್ಸು ಹಗುರಾಗಿತ್ತು. ಅಷ್ಟಕ್ಕೇ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಆದರೆ ಸದಣ್ಣ ತಡವಾಗಿ ಸತ್ಯದ ರುಚಿ ಕಂಡವನು. ಎರಡು ದಿನ ಬಿಟ್ಟು ಸಂಘದ ಹಾಲ್‌ನಲ್ಲಿ ಅವನಿಗೊಂದು ಬೀಳ್ಕೊಡುಗೆಯ ಊಟ. ನೀರುದೋಸೆಯ ತಟ್ಟೆ ಹಿಡಿದುಕೊಂಡು ಹಾಲ್‌ನ ಮಧ್ಯೆ ನಿಂತು, "ನನ್ನ ತಂಗಿ ಸಾಮಾನ್ಯದವಳಲ್ಲ. ಏಳು ಮರಿಗಳ ತಾಯಿ ಹಂದಿ! ಕಣ್ಣು ಮಿಟುಕಿಸದೆ ಹೊಡೆದ್ಲು" ಎಂದು ಸಾರಿದ. ಈ ಸಲ ಎಲ್ಲರೂ ನಂಬಿದರು. ತಪ್ಪನ್ನು ಜನ ಎಷ್ಟು ಬೇಗ ನಂಬುತ್ತಾರೆ! ಭಜನೆಗೆ ಬರುವ ಹೆಂಗಸೊಬ್ಬರು, "ಹೌದಾ ಆಂಟೀ? ನೀವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡರು. ಆ ಶುಕ್ರವಾರ ಶ್ಲೋಕದ ಕ್ಲಾಸಿನಲ್ಲಿ ನಾನು "ಸಿಟ್ ಸ್ಟ್ರೇಟ್" ಎನ್ನುವ ಮೊದಲೇ ಮಕ್ಕಳೆಲ್ಲ ನೆಟ್ಟಗೆ ಕೂತಿದ್ದವು.

ಏರ್‌ಪೋರ್ಟಿನಲ್ಲಿ ಅವನನ್ನು ಒಂದು ಬದಿಗೆ ಕರೆದು ಬೇಡಿಕೊಂಡೆ. "ಸದಣ್ಣಾ, ನಿನ್ನ ಮೊದಲಿನ ಕಥೆಯೇ ಚಂದ ಇತ್ತು. ಊರಿಗೆ ಹೋಗಿ ಅದನ್ನೇ ಹೇಳು, ಪ್ಲೀಸ್." ಸದಣ್ಣ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ನನ್ನನ್ನು ಬಹಳ ಪ್ರೀತಿಯಿಂದ ನೋಡಿದ. "ಇಲ್ಲ ವಾರಿ. ಈ ಪ್ರಾಯದಲ್ಲಿ ಇನ್ನು ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ಹೊಡೆದದ್ದು ನೀನು. ಏಳು ಮರಿ ಅಂದ್ರೆ ಏಳು ಮರಿ." ಹಿಂದೆ ಸಾಲಿನಲ್ಲಿ ನಿಂತಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ಮೂರು ಎಂದು ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ. ಮೂರಾದರೇನು, ಏಳಾದರೇನು. ಹೊಡೆದವಳು ನಾನೇ ಎಂದು ಅವನು ಅಷ್ಟು ಗಟ್ಟಿಯಾಗಿ ಹೇಳುವುದನ್ನು ಕೇಳಲು, ದೇವರು ನನ್ನನ್ನು ಕ್ಷಮಿಸಲಿ, ಬಹಳ ಚೆನ್ನಾಗಿತ್ತು.